ತೆರೆಯ ಚಿತ್ರವನ್ನು ಸೆರೆಹಿಡಿಯುವ ಬಗೆ

ಕ್ಷಣಮಾತ್ರ ಕಾಣಿಸಿಕೊಂಡು ಮರೆಯಾಗುವ ದೃಶ್ಯವನ್ನು ಹಿಡಿದಿಟ್ಟು, ಆಮೇಲೆ ಸಾವಧಾನವಾಗಿ ಪರಿಶೀಲಿಸಬೇಕೆಂಬುದು ವಿಜ್ಞಾನಿಗಳ ಬಹುಕಾಲದ ಹಂಬಲ. ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿರುವ ಆಸಿಲೋಸ್ಕೋಪ್ ಎಂಬ ಉಪಕರಣವನ್ನು ಓದುಗರಲ್ಲಿ ಅನೇಕರು ನೋಡಿರಬಹುದು. ವಿದ್ಯುತ್ತಿನ ಏರಿಳಿತವನ್ನು ಅದು ತನ್ನ ತೆರೆಯ ಮೇಲೆ ಬೆಳಕಿನ ಗೆರೆಯಾಗಿ ತೋರಿಸುತ್ತದೆ. ಎಷ್ಟೋ ಸಲ ಆ ಗೆರೆ ಒಂದೇ ಬಾರಿ ಮಿಂಚಿ ಇಲ್ಲವಾಗುತ್ತದೆ. ಹಿಂದೆ ಅದನ್ನು ಉಳಿಸಿಕೊಳ್ಳಬೇಕಾದರೆ ತೆರೆಯ ಮುಂದೆ ಕ್ಯಾಮೆರಾ ಜೋಡಿಸಿ, ಫಿಲ್ಮನ್ನು ಕತ್ತಲೆಯ ಕೋಣೆಯಲ್ಲಿ ತೊಳೆದು, ಚಿತ್ರ ಮೂಡುವವರೆಗೆ ಕಾಯಬೇಕಾಗಿತ್ತು. ಅಮೆರಿಕದ ಎಡ್ವಿನ್ ಲ್ಯಾಂಡ್ ೧೯೪೭ರಲ್ಲಿ ತನ್ನ ಪೊಲರಾಯ್ಡ್ ವಿಧಾನವನ್ನು ಪ್ರದರ್ಶಿಸಿದ ಮೇಲೆ ಸುಮಾರು ಒಂದು ನಿಮಿಷದಲ್ಲಿಯೇ ಚಿತ್ರ ಕೈಗೆ ಬರುವಂತಾಯಿತು. ಆಸಿಲೋಸ್ಕೋಪಿನ ತೆರೆಗೆ ಇಂತಹ ಕ್ಯಾಮೆರಾವನ್ನು ತಗುಲಿಸಿಕೊಳ್ಳುವುದು ಮುಂದೆ ಪ್ರಯೋಗಶಾಲೆಗಳಲ್ಲಿ ವಾಡಿಕೆಯಾಯಿತು.

ಇಂದು ನಮ್ಮೆಲ್ಲರ ಕಣ್ಣೆದುರಿಗೆ ಇರುವುದು ಕಂಪ್ಯೂಟರಿನ ತೆರೆ. ಅರ್ಜಿಯನ್ನು ತುಂಬಿ ಸಲ್ಲಿಸಿದೊಡನೆ ತೋರುವ ನೋಂದಣಿ ಸಂಖ್ಯೆ, ಹಣ ಪಾವತಿಯಾಯಿತೆಂಬ ಒಕ್ಕಣೆ, ತಂತ್ರಾಂಶ ಕೆಟ್ಟು ನಿಂತಾಗ ಮೂಡುವ ದೋಷಸೂಚನೆ, ವಿದ್ಯಾರ್ಥಿಯ ಪ್ರಯೋಗದ ಗ್ರಾಫು—ಇವೆಲ್ಲವೂ ಅಲ್ಲಿ ಹೊಳೆದು ಮರೆಯಾಗುವಂಥವು. ಇವನ್ನು ಇದ್ದಂತೆಯೇ ಉಳಿಸಿಕೊಳ್ಳುವ ಕ್ರಿಯೆಗೆ ಸ್ಕ್ರೀನ್‌ಶಾಟ್ ಎಂದು ಹೆಸರು. ಕ್ಯಾಮೆರಾ ಬೇಕಿಲ್ಲ, ಯಂತ್ರವೇ ತನ್ನ ತೆರೆಯ ಚಿತ್ರವನ್ನು ತಾನು ಬರೆದುಕೊಳ್ಳುತ್ತದೆ. ಆದರೂ ಈ ಸಾಧನಗಳನ್ನು ದಿನವೂ ಬಳಸುವವರಿಂದ ಎರಡು ದೂರುಗಳನ್ನು ಕೇಳುತ್ತೇವೆ. ಒಂದು, ಕೆಲಸ ನಿಧಾನ. ಎರಡು, ಸಾಧನವೇ ಕೆಲಸಕ್ಕೆ ಅಡ್ಡ ಬರುತ್ತದೆ. ಈ ನಿಧಾನ ಎಲ್ಲಿಂದ ಬರುತ್ತದೆ, ಈ ಅಡ್ಡಿಯನ್ನು ಹೇಗೆ ಕಡಮೆ ಮಾಡಬಹುದು, ಹಾಗೆ ಮಾಡುವಾಗ ಯಾವ ಎಚ್ಚರಿಕೆ ಬೇಕು ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಒಂದು ಕೀಲಿಯ ಪೂರ್ವಕಥೆ

ಕೀಲಿಮಣೆಯ ಬಲಭಾಗದಲ್ಲಿ ‘ಪ್ರಿಂಟ್ ಸ್ಕ್ರೀನ್’ ಎಂಬ ಕೀಲಿಯಿರುವುದಷ್ಟೆ? ಅದರ ಹೆಸರಿನಲ್ಲಿಯೇ ಅದರ ಇತಿಹಾಸವಿದೆ. ೧೯೮೧ರಲ್ಲಿ ಬಂದ ಐಬಿಎಂ ಪಿಸಿಯಲ್ಲಿ ಶಿಫ್ಟ್ ಕೀಲಿಯೊಡನೆ ಅದನ್ನು ಒತ್ತಿದರೆ ತೆರೆಯ ಮೇಲಿನ ಅಕ್ಷರಗಳು ನೇರವಾಗಿ ಮುದ್ರಣಯಂತ್ರಕ್ಕೆ ಹೋಗಿ ಕಾಗದದ ಮೇಲೆ ಅಚ್ಚಾಗುತ್ತಿದ್ದವು. ಮುಂದೆ ವಿಂಡೋಸ್ ಬಂದಾಗ ಕೀಲಿಯ ಹೆಸರು ಉಳಿಯಿತು, ಕೆಲಸ ಬದಲಾಯಿತು. ಚಿತ್ರವು ಕಾಗದಕ್ಕೆ ಹೋಗದೆ ಕ್ಲಿಪ್‌ಬೋರ್ಡ್ ಎಂಬ ತಾತ್ಕಾಲಿಕ ಸ್ಮೃತಿಯನ್ನು ಸೇರತೊಡಗಿತು. ಆದರೆ ಕೀಲಿಯನ್ನು ಒತ್ತಿದವರಿಗೆ ಏನೂ ಕಾಣುತ್ತಿರಲಿಲ್ಲ. ಏನೂ ಆಗಲಿಲ್ಲವೆಂದು ತಿಳಿದು ಮತ್ತೆ ಮತ್ತೆ ಒತ್ತಿದವರು ಎಷ್ಟೋ ಮಂದಿ. ಚಿತ್ರವನ್ನು ಬೇರೆಡೆ ಅಂಟಿಸುವ ಮೊದಲು ಮತ್ತೇನನ್ನಾದರೂ ನಕಲು ಮಾಡಿದರೆ ಹಿಂದಿನದು ಅಳಿಸಿಹೋಗುತ್ತಿತ್ತು.

೧೯೮೪ರ ಮೊದಲ ಮ್ಯಾಕಿಂಟಾಷ್ ಯಂತ್ರದ ತೆರೆಯಲ್ಲಿ ಅಡ್ಡಲಾಗಿ ೫೧೨, ಉದ್ದಕ್ಕೆ ೩೪೨ ಚಿತ್ರಬಿಂದುಗಳಿದ್ದವು. ಇವಕ್ಕೇ ಪಿಕ್ಸೆಲ್ ಎನ್ನುತ್ತೇವೆ. ಪ್ರತಿಯೊಂದು ಬಿಂದುವೂ ಕಪ್ಪು ಇಲ್ಲವೆ ಬಿಳುಪು. ಆದುದರಿಂದ ಒಂದು ಬಿಂದುವಿಗೆ ಒಂದು ಬಿಟ್ ಸಾಕಾಗಿತ್ತು. ಲೆಕ್ಕ ಹಾಕಿದರೆ ಇಡೀ ತೆರೆಗೆ ೨೧,೮೮೮ ಬೈಟುಗಳಾಗುತ್ತವೆ. ಇಂದು ‘ನಾಲ್ಕು ಕೆ’ ಎಂದು ಕರೆಯುವ ತೆರೆಯಲ್ಲಿ ೩,೮೪೦ಕ್ಕೆ ೨,೧೬೦ರಂತೆ ೮೨,೯೪,೪೦೦ ಬಿಂದುಗಳಿವೆ. ಬಣ್ಣಗಳನ್ನು ಸೂಚಿಸಲು ಒಂದೊಂದು ಬಿಂದುವಿಗೆ ನಾಲ್ಕು ಬೈಟು ಬೇಕು. ಒಟ್ಟು ೩,೩೧,೭೭,೬೦೦ ಬೈಟುಗಳಾದುವು. ಅಂದರೆ ಒಂದು ಚಿತ್ರದ ಹೊರೆ ಸುಮಾರು ೧,೫೦೦ ಪಟ್ಟು ಬೆಳೆದಿದೆ. ಹಾಗಾದರೆ ನಿಧಾನಕ್ಕೆ ಈ ಹೊರೆಯೇ ಕಾರಣವೆ? ಪೂರ್ಣವಾಗಿ ಅಲ್ಲ. ಮೊದಲು ಮನುಷ್ಯನ ಪಾಲನ್ನು ಅಳೆದು, ಆಮೇಲೆ ಯಂತ್ರದ ಪಾಲಿಗೆ ಬರೋಣ.

ಮನುಷ್ಯನ ಪಾಲು

ಕಂಪ್ಯೂಟರಿನಲ್ಲಿ ಒಂದು ಕೆಲಸ ಮಾಡಲು ನುರಿತವನಿಗೆ ಎಷ್ಟು ಹೊತ್ತು ಬೇಕಾಗುತ್ತದೆ ಎಂಬುದನ್ನು ಅಂದಾಜು ಮಾಡುವ ಒಂದು ಸರಳ ವಿಧಾನವನ್ನು ಕಾರ್ಡ್, ಮೊರಾನ್, ನ್ಯೂವೆಲ್ ಎಂಬ ಮೂವರು ೧೯೮೦ರಲ್ಲಿ ಪ್ರಕಟಿಸಿದರು. ಕೆಲಸವನ್ನು ಸಣ್ಣ ಸಣ್ಣ ಚಲನೆಗಳಾಗಿ ಒಡೆದು ಒಂದೊಂದಕ್ಕೂ ಸರಾಸರಿ ಕಾಲವನ್ನು ಇಡುವುದೇ ಆ ವಿಧಾನ. ಒಂದು ಕೀಲಿ ಅಥವಾ ಗುಂಡಿಯನ್ನು ಒತ್ತಲು ೦.೨ ಸೆಕೆಂಡು, ಮೌಸಿನಿಂದ ಒಂದು ಗುರಿಯನ್ನು ಮುಟ್ಟಲು ೧.೧ ಸೆಕೆಂಡು, ಕೈಯನ್ನು ಕೀಲಿಮಣೆಯಿಂದ ಮೌಸಿಗೆ ಅಥವಾ ಮೌಸಿನಿಂದ ಕೀಲಿಮಣೆಗೆ ಒಯ್ಯಲು ೦.೪ ಸೆಕೆಂಡು, ಮುಂದೇನು ಎಂದು ಮನಸ್ಸಿನಲ್ಲಿ ಸಿದ್ಧವಾಗಲು ೧.೩೫ ಸೆಕೆಂಡು.

ಹಳೆಯ ಕ್ರಮವನ್ನು ಈ ಅಳತೆಗೋಲಿನಿಂದ ಅಳೆಯೋಣ. ಮೌಸಿನ ಮೇಲಿದ್ದ ಕೈ ಕೀಲಿಮಣೆಗೆ ಬಂದು ಪ್ರಿಂಟ್ ಸ್ಕ್ರೀನ್ ಒತ್ತಲು, ಸಿದ್ಧತೆಯೂ ಸೇರಿ, ೧.೯೫ ಸೆಕೆಂಡು. ಮೌಸಿಗೆ ಮರಳಿ ಚಿತ್ರ ಬಿಡಿಸುವ ತಂತ್ರಾಂಶವನ್ನು ತೆರೆಯಲು ೧.೭. ಮತ್ತೆ ಕೀಲಿಮಣೆಗೆ ಬಂದು ಚಿತ್ರವನ್ನು ಅಂಟಿಸಲು ೦.೮. ಬೇಕಾದ ಭಾಗವನ್ನು ಮೌಸಿನಿಂದ ಗುರುತು ಮಾಡಲು ೪.೩೫. ಉಳಿದುದನ್ನು ಕತ್ತರಿಸುವ ಗುಂಡಿಗೆ ೧.೩. ಉಳಿಸುವ ಆಜ್ಞೆಗೆ ೦.೮. ಎಂಟು ಅಕ್ಷರದ ಒಂದು ಹೆಸರನ್ನು ಯೋಚಿಸಿ ಬೆರಳಚ್ಚು ಮಾಡಲು ೩.೧೫. ಎಲ್ಲವನ್ನೂ ಕೂಡಿಸಿದರೆ ೧೪.೦೫ ಸೆಕೆಂಡು! ಇದರಲ್ಲಿ ಯಂತ್ರಕ್ಕಾಗಿ ಕಾದ ಹೊತ್ತು ಒಂದು ಕ್ಷಣವೂ ಸೇರಿಲ್ಲ.

ಈಗ ಹೊಸ ಕ್ರಮವನ್ನು ನೋಡೋಣ. ೨೦೧೭ರಿಂದ ವಿಂಡೋಸಿನಲ್ಲಿ ವಿಂಡೋಸ್ ಕೀಲಿ, ಶಿಫ್ಟ್, ಎಸ್ ಈ ಮೂರನ್ನು ಒಟ್ಟಿಗೆ ಒತ್ತಿದರೆ ತೆರೆ ಮಂಕಾಗಿ, ಬೇಕಾದ ಭಾಗವನ್ನಷ್ಟೇ ಆರಿಸಿಕೊಳ್ಳುವ ಅವಕಾಶವಿದೆ. ಈ ಮೂರು ಕೀಲಿಗಳೂ ಎಡಗೈಗೆ ನಿಲುಕುವುದರಿಂದ ಬಲಗೈ ಮೌಸನ್ನು ಬಿಡಬೇಕಾದುದಿಲ್ಲ. ಸಿದ್ಧತೆಗೆ ೧.೩೫, ಕೀಲಿಗಳಿಗೆ ೦.೬, ಭಾಗವನ್ನು ಆರಿಸಲು ೨.೬—ಒಟ್ಟು ೪.೫೫ ಸೆಕೆಂಡು. ಮ್ಯಾಕಿಂಟಾಷ್ ಯಂತ್ರಗಳಲ್ಲಿ ಕಮಾಂಡ್, ಶಿಫ್ಟ್, ೪ ಎಂಬ ಕೀಲಿಗಳು ಇದೇ ಕೆಲಸ ಮಾಡುತ್ತವೆ. ಹದಿನಾಲ್ಕು ಸೆಕೆಂಡು ನಾಲ್ಕೂವರೆಗೆ ಇಳಿದುದು ಯಂತ್ರ ವೇಗವಾದುದರಿಂದಲ್ಲ. ಬೇಡದ ಚಲನೆಗಳನ್ನು ತೆಗೆದುಹಾಕಿದುದರಿಂದ. ಹೆಸರು ಕೇಳುವ ಬದಲು ದಿನಾಂಕ ಮತ್ತು ವೇಳೆಯನ್ನೇ ಹೆಸರಾಗಿ ಇಟ್ಟುಬಿಡುವುದೊಂದರಿಂದಲೇ ಮೂರು ಸೆಕೆಂಡು ಮಿಗುತ್ತದೆ.

ಇನ್ನೂ ಉಳಿತಾಯಕ್ಕೆ ಎಡೆಯಿದೆ. ಪಾಲ್ ಫಿಟ್ಸ್ ಎಂಬ ಮನಶ್ಶಾಸ್ತ್ರಜ್ಞ ೧೯೫೪ರಲ್ಲಿ ತೋರಿಸಿಕೊಟ್ಟ ಒಂದು ನಿಯಮವಿದೆ. ಗುರಿ ದೂರವಾದಷ್ಟೂ ಕಿರಿದಾದಷ್ಟೂ ಅದನ್ನು ಮುಟ್ಟುವುದು ಕಷ್ಟ; ದೂರದ ಎರಡರಷ್ಟನ್ನು ಗುರಿಯ ಅಗಲದಿಂದ ಭಾಗಿಸಿ, ಬಂದುದಕ್ಕೆ ೨ನ್ನು ಆಧಾರವಾಗಿಟ್ಟುಕೊಂಡು ಲಾಗರಿತಂ ತೆಗೆದರೆ ಕಷ್ಟದ ಅಳತೆ ಸಿಕ್ಕುತ್ತದೆ. ಸಾವಿರ ಬಿಂದುಗಳಷ್ಟು ದೂರದಲ್ಲಿರುವ ಒಂದು ಕಿಟಕಿಯ ಅಂಚನ್ನು ಎರಡೇ ಬಿಂದುಗಳ ನಿಖರತೆಯಿಂದ ಹಿಡಿಯಬೇಕಾದರೆ ಈ ಅಳತೆ ಸುಮಾರು ೧೦. ಅದೇ ದೂರದಲ್ಲಿ ೫೦೦ ಬಿಂದುಗಳಷ್ಟು ಅಗಲವಾದ ಕಿಟಕಿಯ ಒಳಗೆ ಎಲ್ಲಾದರೂ ಒಮ್ಮೆ ಒತ್ತಿದರೆ ಸಾಕೆಂದಾದರೆ ಅಳತೆ ೨. ತೆರೆಯ ಮೇಲೆ ಯಾವ ಕಿಟಕಿ ಎಲ್ಲಿದೆ, ಎಷ್ಟು ದೊಡ್ಡದಾಗಿದೆ ಎಂಬುದು ಯಂತ್ರಕ್ಕೆ ಗೊತ್ತೇ ಇದೆ. ಆದುದರಿಂದ ಉತ್ತಮ ಸಾಧನವು ಮೌಸ್ ಸುಳಿದಾಡಿದ ಕಿಟಕಿಯ ಅಂಚನ್ನು ತಾನೇ ಗುರುತಿಸಿ ತೋರಿಸುತ್ತದೆ. ಬಳಸುವವನು ಒಮ್ಮೆ ಒತ್ತಿದರೆ ಮುಗಿಯಿತು. ಗೊತ್ತಿರುವುದನ್ನು ಮನುಷ್ಯನಿಂದ ಮತ್ತೆ ಅಳೆಯಿಸುವುದು ಸಾಧನವನ್ನು ರಚಿಸಿದವರ ಸೋಮಾರಿತನವೆಂದೇ ಹೇಳಬೇಕು.

ಯಂತ್ರದ ಪಾಲು

ತೆರೆಯ ಚಿತ್ರವು ಸಾಮಾನ್ಯವಾಗಿ ಸೆಕೆಂಡಿಗೆ ೬೦ ಬಾರಿ ಹೊಸದಾಗುತ್ತದೆ; ಒಂದೊಂದು ಚಿತ್ರಕ್ಕೂ ಸುಮಾರು ೧೬.೭ ಮಿಲಿಸೆಕೆಂಡು. ತೆರೆದಿರುವ ಕಿಟಕಿಗಳನ್ನೆಲ್ಲ ಒಂದರ ಮೇಲೊಂದು ಹೊಂದಿಸಿ ಪೂರ್ಣಚಿತ್ರವನ್ನು ಸಿದ್ಧಪಡಿಸುವುದು ಚಿತ್ರಸಂಸ್ಕಾರಕವೆಂಬ ಪ್ರತ್ಯೇಕ ಭಾಗ. ಸಿದ್ಧವಾದ ಚಿತ್ರ ಅದರ ಸ್ವಂತ ಸ್ಮೃತಿಯಲ್ಲಿರುತ್ತದೆ. ಅಲ್ಲಿಂದ ಕಂಪ್ಯೂಟರಿನ ಮುಖ್ಯ ಸ್ಮೃತಿಗೆ ಅದನ್ನು ತರುವುದು ಮೊದಲ ಹೆಜ್ಜೆ. ಇವೆರಡರ ನಡುವಣ ಮಾರ್ಗ ವಿಶಾಲವಾದುದು. ಮೂರನೆಯ ಪೀಳಿಗೆಯ ಪಿಸಿಐ ಎಕ್ಸ್‌ಪ್ರೆಸ್ ಮಾರ್ಗದ ೧೬ ಸಾಲುಗಳಲ್ಲಿ ತತ್ತ್ವತಃ ಸೆಕೆಂಡಿಗೆ ಸುಮಾರು ೧,೫೭೫ ಕೋಟಿ ಬೈಟುಗಳು ಸಾಗಬಲ್ಲವು. ನಮ್ಮ ೩.೩ ಕೋಟಿ ಬೈಟುಗಳಿಗೆ ಹಿಡಿಯುವುದು ಎರಡು ಮಿಲಿಸೆಕೆಂಡು ಮಾತ್ರ. ವಾಸ್ತವದಲ್ಲಿ ಇದಕ್ಕಿಂತ ಹೆಚ್ಚಾದೀತು. ಆದರೂ ಕಣ್ಣಿಗೆ ತಿಳಿಯುವಷ್ಟಲ್ಲ.

ಹೊತ್ತು ಹಿಡಿಯುವುದು ಮುಂದಿನ ಹೆಜ್ಜೆ. ಅಷ್ಟು ಬೈಟುಗಳನ್ನು ಹಾಗೆಯೇ ಕಡತದಲ್ಲಿಟ್ಟರೆ ಸ್ಥಳ ಸಾಲದು, ಇನ್ನೊಬ್ಬರಿಗೆ ಕಳುಹಿಸುವುದೂ ಕಷ್ಟ. ಆದುದರಿಂದ ಅವನ್ನು ಒತ್ತಿ ಚಿಕ್ಕದು ಮಾಡಬೇಕು. ತೆರೆಯ ಚಿತ್ರಗಳಿಗೆ ಹೆಚ್ಚಾಗಿ ಬಳಸುವ ಪಿಎನ್‌ಜಿ ಎಂಬ ರೂಪ ೧೯೯೬ರಲ್ಲಿ ನಿರ್ಧಾರವಾಯಿತು. ಅದರ ಉಪಾಯ ಸ್ವಾರಸ್ಯವಾಗಿದೆ. ಮೊದಲು ಒಂದೊಂದು ಬಿಂದುವಿನ ಬೆಲೆಯಿಂದ ಅದರ ನೆರೆಯ ಬಿಂದುವಿನ ಬೆಲೆಯನ್ನು ಕಳೆಯಲಾಗುತ್ತದೆ. ಬಿಳಿಯ ಹಾಳೆಯಂತಹ ಕಡೆ ನೆರೆಹೊರೆಯೆಲ್ಲ ಒಂದೇ ಬಣ್ಣವಾದ್ದರಿಂದ ಉಳಿಯುವುದು ಬರಿಯ ಸೊನ್ನೆಗಳ ಸಾಲು. ಅನಂತರ, ಹಿಂದೆ ಬಂದುದೇ ಮತ್ತೆ ಬಂದರೆ ಅದನ್ನು ಪೂರ್ತಿ ಬರೆಯದೆ, ‘ಇಷ್ಟು ಹಿಂದೆ ಇರುವುದನ್ನು ಇಷ್ಟು ಉದ್ದ ನಕಲು ಮಾಡು’ ಎಂದು ಸಂಕ್ಷೇಪವಾಗಿ ಬರೆಯಲಾಗುತ್ತದೆ. ಇದು ಲೆಂಪೆಲ್ ಮತ್ತು ಜಿವ್ ೧೯೭೭ರಲ್ಲಿ ಪ್ರಕಟಿಸಿದ ವಿಧಾನ. ಕೊನೆಗೆ, ಮೇಲಿಂದ ಮೇಲೆ ಬರುವ ಸಂಕೇತಕ್ಕೆ ಗಿಡ್ಡ ಹೆಸರನ್ನೂ ಅಪರೂಪದ್ದಕ್ಕೆ ಉದ್ದ ಹೆಸರನ್ನೂ ಕೊಡಲಾಗುತ್ತದೆ. ಇದು ಡೇವಿಡ್ ಹಫ್‌ಮನ್ ೧೯೫೨ರಲ್ಲಿ ಪ್ರಕಟಿಸಿದ ವಿಧಾನ. ಇಷ್ಟೆಲ್ಲ ಮಾಡಿದರೂ ಒಂದು ಬಿಂದುವೂ ನಷ್ಟವಾಗುವುದಿಲ್ಲ.

ಹಿಂದೆ ಹುಡುಕಿ ಹೋಲಿಸುವ ಈ ಕೆಲಸಕ್ಕೆ ಶ್ರಮ ಬೇಕು. ಸೆಕೆಂಡಿಗೆ ೫ ಕೋಟಿ ಬೈಟುಗಳನ್ನು ಒತ್ತುವ ತಂತ್ರಾಂಶವೆಂದು ಇಟ್ಟುಕೊಂಡರೆ, ನಮ್ಮ ಚಿತ್ರಕ್ಕೆ ಸುಮಾರು ೦.೬೬ ಸೆಕೆಂಡು ಬೇಕು. ಇದು ಹೆಚ್ಚೇನು ಎಂದು ಓದುಗರು ಕೇಳಬಹುದು. ಯಂತ್ರದ ಉತ್ತರ ಸುಮಾರು ೦.೧ ಸೆಕೆಂಡಿನೊಳಗೆ ಬಂದರೆ ಮಾತ್ರ ಅದು ತತ್‌ಕ್ಷಣವೇ ಬಂತೆಂದು ನಮಗೆ ತೋರುವುದೆಂಬ ಮಾತನ್ನು ರಾಬರ್ಟ್ ಮಿಲ್ಲರ್ ೧೯೬೮ರಷ್ಟು ಹಿಂದೆಯೇ ಚರ್ಚಿಸಿದ್ದನು. ೦.೬೬ ಸೆಕೆಂಡು ಅದರ ಆರೂವರೆ ಪಟ್ಟು. ದಿನಕ್ಕೆ ನಾಲ್ಕು ಚಿತ್ರ ತೆಗೆಯುವವನಿಗೆ ಇದು ಲೆಕ್ಕಕ್ಕಿಲ್ಲ; ಪಾಠದ ಟಿಪ್ಪಣಿಗೋ ಕೈಪಿಡಿಗೋ ಒಂದೇ ಸಮನೆ ನೂರು ಚಿತ್ರ ತೆಗೆಯುವವನ ತಾಳ್ಮೆಯನ್ನು ಇದೇ ಕೆಡಿಸುವುದು.

ಪರಿಹಾರ ಕಠಿಣವಾದುದಲ್ಲ. ಮೊದಲು ಚಿತ್ರವನ್ನು ಒತ್ತದೆಯೇ ಕ್ಲಿಪ್‌ಬೋರ್ಡಿಗೆ ಕೊಟ್ಟು ಬಳಸುವವನನ್ನು ಬಿಡುಗಡೆ ಮಾಡಬೇಕು; ಒತ್ತಿ ಕಡತ ಮಾಡುವ ಕೆಲಸ ಹಿನ್ನೆಲೆಯಲ್ಲಿ ನಡೆಯಲಿ. ಪಿಎನ್‌ಜಿಯಲ್ಲಿ ಹಗುರವಾಗಿ ಒತ್ತುವ ಮತ್ತು ಬಿಗಿಯಾಗಿ ಒತ್ತುವ ಮಟ್ಟಗಳಿವೆ. ಹಗುರವಾದುದನ್ನು ಆರಿಸಿದರೆ ಕಡತ ಸ್ವಲ್ಪ ದೊಡ್ಡದಾದರೂ ಕಾಲ ಬಹಳ ಉಳಿಯುತ್ತದೆ. ಅಲ್ಲದೆ, ಕೀಲಿ ಒತ್ತಿದ ಮೇಲೆ ತಂತ್ರಾಂಶವನ್ನು ಡಿಸ್ಕಿನಿಂದ ಎಬ್ಬಿಸುವ ಬದಲು, ಕೀಲಿಗೆ ಕಿವಿಗೊಡುವ ಒಂದು ಸಣ್ಣ ಭಾಗವನ್ನು ಮಾತ್ರ ಸದಾ ಎಚ್ಚರವಾಗಿ ಇಟ್ಟಿರಬೇಕು.

ಇನ್ನೊಂದು ರೂಪವಾದ ಜೆಪೆಗ್ ೧೯೯೨ರಲ್ಲಿ ನಿರ್ಧಾರವಾಯಿತು. ಇದಕ್ಕೆ ಆಧಾರವಾದ ವಿಚ್ಛಿನ್ನ ಕೊಸೈನ್ ಪರಿವರ್ತನೆಯನ್ನು ೧೯೭೪ರಲ್ಲಿ ನಟರಾಜನ್ ಮತ್ತು ರಾವ್ ಅವರೊಡನೆ ಪ್ರಕಟಿಸಿದ ನಾಸಿರ್ ಅಹಮದ್ ಅವರು ೧೯೪೦ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ೧೯೬೧ರಲ್ಲಿ ಅಲ್ಲಿಯ ವಿಶ್ವೇಶ್ವರಯ್ಯ ಇಂಜಿನಿಯರಿಂಗ್ ಕಾಲೇಜಿನಿಂದ ಪದವಿ ಪಡೆದವರೆಂಬುದು ಕನ್ನಡಿಗರು ನೆನೆಯತಕ್ಕ ವಿಷಯ. ಪ್ರಪಂಚದ ಛಾಯಾಚಿತ್ರಗಳಲ್ಲಿ ಬಹುಪಾಲು ಈ ಗಣಿತದ ಋಣದಲ್ಲಿದೆ. ಆದರೆ ಛಾಯಾಚಿತ್ರಕ್ಕೆ ಒಪ್ಪುವುದೆಲ್ಲ ತೆರೆಯ ಚಿತ್ರಕ್ಕೆ ಒಪ್ಪದು. ಜೆಪೆಗ್ ವಿಧಾನವು ಚಿತ್ರವನ್ನು ೮ಕ್ಕೆ ೮ ಬಿಂದುಗಳ ಚೌಕಗಳಾಗಿ ಒಡೆದು, ಕಣ್ಣಿಗೆ ಅಷ್ಟಾಗಿ ಬೇಡವಾದ ಸೂಕ್ಷ್ಮ ಏರಿಳಿತಗಳನ್ನು ಕಡಮೆ ಮಾಡುತ್ತದೆ. ಮುಗಿಲು, ಮುಖ ಮೊದಲಾದ ಕಡೆ ಇದು ತಿಳಿಯುವುದೇ ಇಲ್ಲ. ಅಕ್ಷರದ ಚೂಪಾದ ಅಂಚಿನಲ್ಲಾದರೋ ಸುತ್ತ ಮಸಿ ಚೆಲ್ಲಿದಂತೆ ಕಾಣುತ್ತದೆ. ಕನ್ನಡದ ಒತ್ತಕ್ಷರಗಳು ಮೊದಲೇ ಪುಟ್ಟವು. ಮಹಾಪ್ರಾಣದ ಸೀಳಂತೂ ಒಂದೆರಡು ಬಿಂದುಗಳಷ್ಟೇ ಇರಬಹುದು. ಅದು ಮಸುಕಾದರೆ ‘ಧನ’ ‘ದನ’ವಾಗಲು ತಡವಿಲ್ಲ! ಬರಹವಿರುವ ತೆರೆಗೆ ಪಿಎನ್‌ಜಿಯೇ ಲೇಸು.

ಅಡ್ಡ ಬರದಿರುವ ಬಗೆ

ನಮ್ಮ ವಿದ್ಯಾರ್ಥಿಗಳು ಪ್ರಯೋಗದ ವರದಿ ಬರೆಯುವಾಗ, ತಂತ್ರಾಂಶದ ಯಾವ ಮೆನುವಿನಿಂದ ಯಾವ ಆಜ್ಞೆಯನ್ನು ಆರಿಸಿದರೆಂಬುದನ್ನೂ ಚಿತ್ರದಲ್ಲಿ ತೋರಿಸಬೇಕೆಂದು ಬಯಸುತ್ತಾರೆ. ಮೆನು ತೆರೆದಿರುತ್ತದೆ, ಸ್ಕ್ರೀನ್‌ಶಾಟ್ ಸಾಧನವನ್ನು ಕರೆದೊಡನೆ ಅದು ಮಾಯವಾಗುತ್ತದೆ! ಇದರ ಕಾರಣ ಹೀಗಿದೆ. ಹೊಸ ಕಿಟಕಿಯೊಂದು ಮುಂದೆ ಬಂದರೆ ಕೀಲಿಮಣೆಯ ಗಮನವೆಲ್ಲ ಅದರ ಕಡೆ ತಿರುಗುತ್ತದೆ. ಗಮನ ಕಳೆದುಕೊಂಡ ಮೆನು ಮುಚ್ಚಿಕೊಳ್ಳುತ್ತದೆ. ಚಿತ್ರ ತೆಗೆಯಲು ಬಂದ ಸಾಧನ ಚಿತ್ರವನ್ನೇ ಬದಲಾಯಿಸಿದಂತಾಯಿತು. ತಣ್ಣಗಿನ ಉಷ್ಣಮಾಪಕವನ್ನು ಬಿಸಿನೀರಿನಲ್ಲಿ ಅದ್ದಿದಾಗ ನೀರೇ ತುಸು ತಣ್ಣಗಾಗುವುದೆಂಬ ಪಾಠ ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಹೊಸದಲ್ಲ. ಅಳೆಯುವ ಉಪಕರಣ ಅಳೆಯಲ್ಪಡುವುದನ್ನು ಕಲಕಬಾರದು ಎಂಬ ನಿಯಮ ಇಲ್ಲಿಯೂ ಅನ್ವಯಿಸುತ್ತದೆ.

ಇದಕ್ಕೆ ಎರಡು ಉಪಾಯಗಳುಂಟು. ಕೆಲವು ಸೆಕೆಂಡು ತಡಮಾಡಿ ಚಿತ್ರ ತೆಗೆಯುವಂತೆ ಸಾಧನಕ್ಕೆ ಹೇಳಿ, ಅಷ್ಟರಲ್ಲಿ ಮೆನುವನ್ನು ತೆರೆದುಕೊಳ್ಳುವುದು ಹಳೆಯದು. ಕೀಲಿ ಒತ್ತಿದ ಕ್ಷಣದಲ್ಲಿಯೇ ಏನನ್ನೂ ತೋರಿಸದೆ ಇಡೀ ತೆರೆಯನ್ನು ಮೊದಲು ಹಿಡಿದುಕೊಂಡು, ಆ ಸ್ತಬ್ಧಚಿತ್ರವನ್ನೇ ತೆರೆಯ ಮೇಲೆ ಹರಡಿ, ಅದರಿಂದ ಬೇಕಾದ ಭಾಗವನ್ನು ಆರಿಸಲು ಬಿಡುವುದು ಎರಡನೆಯದು. ಹೀಗೆ ಮಾಡಿದಲ್ಲಿ ಮೆನು ಆಮೇಲೆ ಮುಚ್ಚಿದರೂ ಚಿಂತೆಯಿಲ್ಲ. ಚಿತ್ರ ಆಗಲೇ ಕೈಯಲ್ಲಿದೆ. ಓಡುವ ಚಲನಚಿತ್ರದ ಒಂದು ನೋಟವನ್ನು ಹಿಡಿಯಲು ಕೂಡ ಇದೇ ತಕ್ಕ ಮಾರ್ಗ.

ಚಿತ್ರ ತೆಗೆದ ಮೇಲೆ ಅದು ತೆಗೆಯಲ್ಪಟ್ಟಿತೆಂದು ತಿಳಿಸುವುದೂ ಅವಶ್ಯಕ. ಮೌನವಾಗಿದ್ದ ಹಳೆಯ ಕೀಲಿಯ ತೊಂದರೆಯನ್ನು ಹಿಂದೆಯೇ ಕಂಡೆವು. ಆದರೆ ಪ್ರತಿಸಲವೂ ಸಂಪಾದನೆಯ ದೊಡ್ಡ ಕಿಟಕಿಯೊಂದನ್ನು ಮುಂದೆ ತಂದು ನಿಲ್ಲಿಸುವುದು ಅತಿಯಾಯಿತು. ೨೦೧೮ರಲ್ಲಿ ಮ್ಯಾಕ್ ಯಂತ್ರಗಳಿಗೆ ಬಂದ ಏರ್ಪಾಡಿನಲ್ಲಿ ಚಿತ್ರದ ಪುಟ್ಟ ಪ್ರತಿಯೊಂದು ತೆರೆಯ ಮೂಲೆಯಲ್ಲಿ ಕೆಲವು ಸೆಕೆಂಡು ಕಾಣಿಸಿಕೊಳ್ಳುತ್ತದೆ. ತಿದ್ದಬೇಕೆನ್ನುವವರು ಅದನ್ನು ಒತ್ತಬಹುದು. ಬೇಡವಾದವರು ತಮ್ಮ ಕೆಲಸ ಮುಂದುವರಿಸಬಹುದು. ಇಂತಹ ಸೂಚನೆಯೇ ಮುಂದಿನ ಚಿತ್ರದೊಳಗೆ ಸೇರಿಕೊಳ್ಳುವ ಪ್ರಮಾದವೂ ಉಂಟು. ೨೦೨೦ರಿಂದ ವಿಂಡೋಸಿನಲ್ಲಿ ಒಂದು ತಂತ್ರಾಂಶವು ‘ನನ್ನ ಈ ಕಿಟಕಿಯನ್ನು ಚಿತ್ರದಲ್ಲಿ ಸೇರಿಸಬೇಡ’ ಎಂದು ಗುರುತು ಮಾಡಲು ಸಾಧ್ಯವಾಗಿದೆ. ಸಾಧನವು ತನ್ನ ಕಿಟಕಿಗಳಿಗೆ ಈ ಗುರುತನ್ನು ಹಚ್ಚಿಕೊಂಡರೆ ತೆರೆಯ ಮೇಲೆ ಕಂಡರೂ ಚಿತ್ರದಲ್ಲಿ ಕಾಣುವುದಿಲ್ಲ.

ವೇಗದ ಜೊತೆಗೆ ಎಚ್ಚರ

ಅವಸರದ ಕೆಲಸ ಎಂತಹ ಅಪಾಯಕ್ಕೆ ಎಡೆಗೊಡಬಹುದೆಂಬುದಕ್ಕೆ ೨೦೨೩ರ ಮಾರ್ಚಿಯಲ್ಲಿ ಬಯಲಾದ ಒಂದು ದೋಷವೇ ಸಾಕ್ಷಿ. ಗೂಗಲ್ಲಿನ ಪಿಕ್ಸೆಲ್ ಫೋನುಗಳಲ್ಲಿಯೂ ವಿಂಡೋಸ್ ೧೧ರ ಸ್ನಿಪಿಂಗ್ ಟೂಲ್ ಸಾಧನದಲ್ಲಿಯೂ, ಚಿತ್ರವನ್ನು ಕತ್ತರಿಸಿ ಅದೇ ಕಡತದ ಮೇಲೆ ಉಳಿಸಿದಾಗ, ಹೊಸ ಚಿತ್ರವು ಹಳೆಯದರ ಮೊದಲ ಭಾಗವನ್ನು ಮಾತ್ರ ಅಳಿಸುತ್ತಿತ್ತು. ನೂರು ಪುಟದ ಪುಸ್ತಕದ ಮೊದಲ ಮೂವತ್ತು ಪುಟಗಳ ಮೇಲೆ ಹೊಸದಾಗಿ ಬರೆದು, ‘ಇಲ್ಲಿಗೆ ಮುಗಿಯಿತು’ ಎಂದು ಗೆರೆ ಎಳೆದು, ಉಳಿದ ಎಪ್ಪತ್ತು ಪುಟಗಳನ್ನು ಹರಿಯದೆ ಹಾಗೆಯೇ ಬಿಟ್ಟಂತೆ ಇದು. ಚಿತ್ರ ತೋರಿಸುವ ತಂತ್ರಾಂಶಗಳು ಗೆರೆಯನ್ನು ಕಂಡು ನಿಲ್ಲುತ್ತವೆ; ಬಲ್ಲವರು ಮುಂದಿನ ಪುಟಗಳನ್ನೂ ಓದಬಲ್ಲರು. ಬ್ಯಾಂಕಿನ ಖಾತೆಯ ಸಂಖ್ಯೆಯನ್ನೋ ಮನೆಯ ವಿಳಾಸವನ್ನೋ ಕತ್ತರಿಸಿ ತೆಗೆದೆವೆಂದು ನಂಬಿ ಕಳುಹಿಸಿದ ಚಿತ್ರದಲ್ಲಿ ಅದು ಅಡಗಿಯೇ ಇರಬಹುದಾಗಿತ್ತು. ಎರಡೂ ಸಂಸ್ಥೆಗಳು ಬೇಗನೆ ದೋಷವನ್ನು ಸರಿಪಡಿಸಿದುವು. ಆದರೆ ಅದಕ್ಕೆ ಮೊದಲೇ ಕೈಬಿಟ್ಟು ಹೋದ ಚಿತ್ರಗಳನ್ನು ಹಿಂದಕ್ಕೆ ಕರೆಯುವವರು ಯಾರು?

ಇನ್ನೊಂದು ಪ್ರಶ್ನೆ ಒಪ್ಪಿಗೆಯದು. ತೆರೆಯನ್ನು ಹಿಡಿಯುವ ಸಾಧನವೂ ಕದ್ದು ನೋಡುವ ಸಾಧನವೂ ಮಾಡುವ ಭೌತಿಕ ಕ್ರಿಯೆ ಒಂದೇ; ಯಾರ ಇಚ್ಛೆಯಿಂದ ನಡೆಯಿತೆಂಬುದರಲ್ಲಿ ಮಾತ್ರ ವ್ಯತ್ಯಾಸ. ಲಿನಕ್ಸ್ ಯಂತ್ರಗಳ ಹಳೆಯ ಎಕ್ಸ್ ವ್ಯವಸ್ಥೆಯಲ್ಲಿ ಯಾವ ತಂತ್ರಾಂಶ ಬೇಕಾದರೂ ಇಡೀ ತೆರೆಯನ್ನು ಓದಬಹುದಾಗಿತ್ತು. ೨೦೦೮ರಲ್ಲಿ ಆರಂಭವಾದ ವೇಲ್ಯಾಂಡ್ ಎಂಬ ಹೊಸ ವ್ಯವಸ್ಥೆ ಈ ಬಾಗಿಲನ್ನು ಮುಚ್ಚಿತು. ೨೦೧೯ರಿಂದ ಮ್ಯಾಕ್ ಯಂತ್ರಗಳಲ್ಲಿಯೂ ಬೇರೆ ತಂತ್ರಾಂಶ ತೆರೆಯನ್ನು ಹಿಡಿಯಬೇಕಾದರೆ ಮೊದಲು ಅಪ್ಪಣೆ ಪಡೆಯಬೇಕು. ೨೦೨೪ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ತೆರೆಯ ಚಿತ್ರಗಳನ್ನು ತಾನಾಗಿಯೇ ಆಗಾಗ ತೆಗೆದಿಡುವ ‘ರೀಕಾಲ್’ ಎಂಬ ಏರ್ಪಾಡನ್ನು ಸಾರಿದಾಗ ಬಲವಾದ ಆಕ್ಷೇಪಣೆ ಬಂದಿತು. ಬಿಡುಗಡೆ ಮುಂದಕ್ಕೆ ಹೋಗಿ, ಬಳಸುವವನು ತಾನಾಗಿ ಒಪ್ಪಿದರೆ ಮಾತ್ರ ಕೆಲಸ ಮಾಡುವಂತೆ ಮಾರ್ಪಟ್ಟು, ಅದು ೨೦೨೫ರಲ್ಲಿ ಹೊರಬಂದಿತು. ಕೇಳದೆ ತೆಗೆದ ಚಿತ್ರಕ್ಕೆ ಮನುಷ್ಯನ ಶ್ರಮ ಸೊನ್ನೆಯೇ ಸರಿ. ಆದರೆ ಅಂತಹ ವೇಗ ಯಾರಿಗೂ ಬೇಕಾಗಿರಲಿಲ್ಲ.

ಹಾಗೆಂದು ಪ್ರತಿಯೊಂದು ಚಿತ್ರಕ್ಕೂ ‘ಒಪ್ಪುವಿರಾ?’ ಎಂದು ಕೇಳುತ್ತ ಹೋದರೆ ಉಳಿಸಿದ ಸೆಕೆಂಡುಗಳೆಲ್ಲ ಮರಳಿ ಕಳೆದುಹೋಗುತ್ತವೆ. ಬಳಸುವವನು ತನ್ನ ಕೈಯಿಂದ ಕೀಲಿಯನ್ನು ಒತ್ತಿ, ತಾನೇ ಭಾಗವನ್ನು ಆರಿಸಿದನೆಂದರೆ ಅದೇ ಒಪ್ಪಿಗೆ. ಆರಿಸಿದ ಭಾಗವಷ್ಟೇ ತಂತ್ರಾಂಶಕ್ಕೆ ತಲುಪಬೇಕು, ಉಳಿದ ತೆರೆ ಕಾರ್ಯವ್ಯವಸ್ಥೆಯ ವಶದಲ್ಲಿಯೇ ಇದ್ದು ಅಳಿಯಬೇಕು. ಹೀಗೆ ಏರ್ಪಡಿಸಿದರೆ ವೇಗಕ್ಕೂ ಗೌಪ್ಯಕ್ಕೂ ಜಗಳವಿಲ್ಲ.

ಓದುಗರು ತಮ್ಮ ಯಂತ್ರದ ಸಾಧನವನ್ನು ತಾವೇ ಪರೀಕ್ಷಿಸಬಹುದು. ಒಂದು ಮೆನುವನ್ನು ತೆರೆದಿಟ್ಟು ಚಿತ್ರ ತೆಗೆಯಲಿ. ಮೆನು ಚಿತ್ರದಲ್ಲಿ ಉಳಿಯಿತೇ ನೋಡಲಿ. ಒಂದರ ಹಿಂದೊಂದರಂತೆ ಹತ್ತು ಚಿತ್ರ ತೆಗೆದು, ಗಡಿಯಾರ ಹಿಡಿದು ಹೊತ್ತನ್ನು ಎಣಿಸಲಿ. ಐವತ್ತು ಸೆಕೆಂಡಿನೊಳಗೆ ಮುಗಿದರೆ ಸಾಧನ ಒಳ್ಳೆಯದೆಂದೇ ತಿಳಿಯಬಹುದು. ಇನ್ನೊಬ್ಬರಿಗೆ ಕಳುಹಿಸುವ ಚಿತ್ರದಲ್ಲಿ ಮರೆಮಾಡಬೇಕಾದ ಸಂಖ್ಯೆಯಿದ್ದರೆ ಅದನ್ನು ಮಸುಕು ಮಾಡುವುದು ಸಾಲದು. ಅಪಾರದರ್ಶಕವಾದ ಕಪ್ಪು ಪಟ್ಟಿಯಿಂದ ಮುಚ್ಚಿ, ಹಾಗೆ ಮುಚ್ಚಿದ ತೆರೆಯ ಚಿತ್ರವನ್ನು ಹೊಸದಾಗಿ ಇನ್ನೊಮ್ಮೆ ತೆಗೆದು, ಆ ಎರಡನೆಯ ಕಡತವನ್ನೇ ಕಳುಹಿಸಬೇಕು. ಇದಕ್ಕೆ ಮತ್ತೆ ನಾಲ್ಕೂವರೆ ಸೆಕೆಂಡು ಹಿಡಿದೀತು. ಮೇಲೆ ಹೇಳಿದ ಕ್ರಮದಿಂದ ಉಳಿದ ಒಂಬತ್ತೂವರೆ ಸೆಕೆಂಡಿನಲ್ಲಿ ಅಷ್ಟನ್ನು ಖರ್ಚು ಮಾಡುವುದು ನಷ್ಟವೇನೂ ಅಲ್ಲ.